ಅಕ್ಕ ತಿದ್ದಿದ ಕೊಲೆಗಳು

ನನ್ನ ಕೊಲೆಗಳನ್ನೆಲ್ಲ ತಿದ್ದುತ್ತಿದ್ದವಳು ನನ್ನ ಅಕ್ಕ. ತೊಂಬತ್ತರ ದಶಕದಲ್ಲಿ ನಾನೊಂದು ವಾರಪತ್ರಿಕೆಗೆ ಪತ್ತೇದಾರಿ ಧಾರಾವಾಹಿ ಬರೆಯುತ್ತಿದ್ದೆ. ವಾರಕ್ಕೊಂದು ಹೆಣ ಬೀಳಲೇಬೇಕು ಎಂಬುದು ನಮ್ಮ ಸಂಪಾದಕರ ಏಕೈಕ ಸಾಹಿತ್ಯ ಸಿದ್ಧಾಂತ. ಬೀಳಿಸುವುದಕ್ಕೆ ನಾನೂ ಹಿಂದೆ ಮುಂದೆ ನೋಡಿದವನಲ್ಲ. ಮಚ್ಚು, ಸೈಕಲ್ ಚೈನು, ಒನಕೆ, ಕುದಿಯುವ ಎಣ್ಣೆ ಎಲ್ಲವೂ ಆಗಿತ್ತು. ಮನೆಯಲ್ಲಿ ಜಿರಲೆ ಕಂಡರೆ ಅಮ್ಮನನ್ನು ಕೂಗುತ್ತಿದ್ದೆ, ಆ ಮಾತು ಬೇರೆ.

ನನ್ನ ವಾರಕ್ಕೊಂದು ಕ್ರಮವಿತ್ತು. ಸೋಮವಾರ, ಈ ಸಲ ಯಾರು ಸಾಯಬೇಕು ಎಂಬ ತೀರ್ಮಾನ. ಮಂಗಳವಾರ ಮೆಜೆಸ್ಟಿಕ್ಕಿನಲ್ಲಿ ಮ್ಯಾಟಿನಿ, ಹೊಡೆದಾಟಗಳು ಬೇಕಿದ್ದವಲ್ಲ. ಬುಧವಾರ ಶಂಕರಪುರಂನ ನಮ್ಮ ಮನೆಯ ನಡುಮನೆಯಲ್ಲಿ ಕೂತು ಬರವಣಿಗೆ. ಗುರುವಾರ ಚಾಮರಾಜಪೇಟೆಯ ಅಕ್ಕನ ಮನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಪ್ರೆಸ್ಸಿನವರು ಓದಲಾಗದೆ ಕೈ ಚೆಲ್ಲಿದ್ದರು. ಅಕ್ಕನದು ದುಂಡು ಅಕ್ಷರ. ಭಾವ ಬ್ಯಾಂಕಿಗೆ ಹೋದ ಮೇಲೆ ಅವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಶುದ್ಧಪ್ರತಿ ಮಾಡಿಕೊಡುತ್ತಿದ್ದಳು. ಮಾಡುತ್ತಲೇ ತಿದ್ದುತ್ತಿದ್ದಳು.

ಕೆನ್ನೆಗೆ ಹೊಡೆದರೆ ಕಣ್ಣ ಮುಂದೆ ನಕ್ಷತ್ರ ಕಾಣುವುದಿಲ್ಲ, ಕಿವಿ ಗುಂಯ್ ಎನ್ನುತ್ತದೆ ಎಂದು ಹೇಳಿದವಳು ಅವಳೇ. ಪೆಟ್ಟು ಬಿದ್ದ ಜಾಗ ಆ ಕ್ಷಣಕ್ಕೆ ಬರೀ ಕೆಂಪು, ಮಾರನೆಯ ದಿನ ನೀಲಿ, ವಾರ ಕಳೆದರೆ ಹಳದಿ. ಜಾರಿ ಬಿದ್ದವರಿಗೆ ಅಂಗೈ ತರಚುತ್ತದೆ. ಏಟಿಗೆ ಕೈ ಅಡ್ಡ ಹಿಡಿದವರಿಗೆ ಮೊಣಕೈಯ ಕೆಳಗೆ, ಹೊರಬದಿಗೆ ಪೆಟ್ಟಾಗುತ್ತದೆ. ಈ ಕೊನೆಯದನ್ನು ನನ್ನ ಪತ್ತೇದಾರನ ಬಾಯಲ್ಲಿ ಹೇಳಿಸಿ ಭೇಷ್ ಎನ್ನಿಸಿಕೊಂಡೆ. ಡಾಕ್ಟರೊಬ್ಬರು ತಾವು ವೈದ್ಯಕೀಯ ಓದಿದ್ದೀರಾ ಎಂದು ಕಾಗದ ಬರೆದಿದ್ದರು. ನಾನು ಉಬ್ಬಿಹೋದೆ. ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಅವಳನ್ನು ಒಂದು ಸಲವಾದರೂ ಕೇಳಬೇಕೆಂದು ಹೊಳೆಯಲಿಲ್ಲ. ಊರವರ ಗುಟ್ಟು ರಟ್ಟು ಮಾಡುವ ಪತ್ತೇದಾರನನ್ನು ಹುಟ್ಟಿಸಿದ ಗೂಬೆ ನಾನು.

ಒಂದು ವಾರ ನೋಡಿದ ಸಿನಿಮಾದಲ್ಲಿ ನಾಯಕ ಖಳನ ಕೈಯನ್ನು ಕಬ್ಬಿನ ಗಾಣಕ್ಕೆ ಕೊಟ್ಟ. ಥಿಯೇಟರಿಗೆ ಥಿಯೇಟರೇ ಶಿಳ್ಳೆ ಹೊಡೆಯಿತು, ನಾನೂ ಹೊಡೆದೆ. ಟಿಕೆಟ್ಟಿನ ಹಿಂದೆ ಗಾಣ ಎಂದು ಗುರುತು ಹಾಕಿಕೊಂಡು ಖುಷಿಯಾಗಿ ಮನೆಗೆ ಬಂದರೆ, ಅಮ್ಮ ಪಕ್ಕದ ಮನೆಯ ಫೋನಿಗೆ ಬಂದ ಸುದ್ದಿ ಹೇಳಿದಳು. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳಂತೆ, ಬಲಗೈ ಊದಿದೆಯಂತೆ. ನನಗೆ ಮೊದಲು ಬಂದ ಯೋಚನೆ, ಇನ್ನು ಶುದ್ಧಪ್ರತಿ ಯಾರು ಮಾಡುತ್ತಾರೆ ಎಂಬುದು. ಇದನ್ನು ಬರೆಯುವಾಗ ಇವತ್ತಿಗೂ ನಾಚಿಕೆಯಾಗುತ್ತದೆ.

ಗುರುವಾರ ಹಾಳೆಗಳನ್ನು ತೆಗೆದುಕೊಂಡು ಹೋಗಿಯೇ ಹೋದೆ. ಅಕ್ಕ ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ನೀನು ಓದಿ ಹೇಳು, ನಾನೇ ನಿಧಾನವಾಗಿ ಬರೆಯುತ್ತೇನೆ ಎಂದೆ. ಆ ಕಂತಿನಲ್ಲಿ ಗಂಡನೊಬ್ಬ ಹೆಂಡತಿಯನ್ನು ಲಟ್ಟಣಿಗೆಯಿಂದ ಹೊಡೆದು ಕೊಲ್ಲಬೇಕಿತ್ತು. ಅವಳ ಚೀರಾಟ ಇಡೀ ಬೀದಿಗೆ ಕೇಳಿಸಿತು ಎಂದು ಬರೆದಿದ್ದೆ. ಅಲ್ಲಿಗೆ ಬಂದಾಗ ಅಕ್ಕ ನಿಲ್ಲಿಸಿದಳು.

“ಕೂಗಲ್ಲ ಕಣೋ. ಪಕ್ಕದ ಮನೆಯವರಿಗೆ ಕೇಳಿಸುತ್ತೆ ಅಂತ ಸೆರಗು ಬಾಯಿಗೆ ತುರುಕ್ಕೋತಾಳೆ. ಹಾಗೆ ಬರಿ.”

ಆಹಾ ಎಂದುಕೊಂಡು ಬರೆದೆ. ಸೆರಗು ಎಂಬಲ್ಲಿಗೆ ನನ್ನ ಪೆನ್ನು ನಿಂತಿತು. ಅಂಗೈ ತೋರಿಸು ಎಂದೆ. ಅವಳು ಎರಡೂ ಅಂಗೈ ಚಾಚಿದಳು. ಒಂದು ಗೀರೂ ಇರಲಿಲ್ಲ. ಬಟ್ಟೆ ಬಿಚ್ಚಿದೆ. ಊತ ಮೊಣಕೈಯ ಕೆಳಗೆ, ಹೊರಬದಿಗಿತ್ತು. ಅದರ ಪಕ್ಕದಲ್ಲಿ ಹಳೆಯದೊಂದು ಹಳದಿ.

ಮನೆಗೆ ನಡಿ ಎಂದೆ. ಅವಳು ಹೊರಡಲಿಲ್ಲ. ಹೋದರೆ ಸಂಜೆ ಅವರು ಅಲ್ಲಿಗೇ ಬಂದು ಅಮ್ಮನ ಎದುರು ರಂಪ ಮಾಡುತ್ತಾರೆ ಎಂದಳು. ಹಾಗಾದರೆ ಅವರು ಬರಲಿ ಎಂದು ನಾನೂ ಅಲ್ಲೇ ಕೂತೆ. ಕೂತಷ್ಟು ಹೊತ್ತೂ ಮನಸ್ಸಿನಲ್ಲಿ ಕಬ್ಬಿನ ಗಾಣ ತಿರುಗುತ್ತಿತ್ತು.

ಆರು ಗಂಟೆಗೆ ಭಾವ ಬಂದರು. ಚಪ್ಪಲಿ ಬಿಡುತ್ತಾ, ಏನು ಸಾಹಿತಿಗಳು ಇನ್ನೂ ಇಲ್ಲೇ ಇದ್ದೀರಿ ಎಂದು ನಕ್ಕರು. ನಾನು ಎದ್ದು ಅವರ ಮುಖಕ್ಕೆ ಗುದ್ದಿದೆ. ಸಾವಿರ ಗುದ್ದು ಬರೆದಿದ್ದ ನಾನು ಹೆಬ್ಬೆರಳನ್ನು ಮುಷ್ಟಿಯ ಒಳಗೆ ಮಡಚಿಕೊಂಡಿದ್ದೆ. ಮುರಿದದ್ದು ಅವರ ಹಲ್ಲಲ್ಲ, ನನ್ನ ಬೆರಳು. ಅವರು ಒಂದು ಬಿಟ್ಟರು. ಕಿವಿ ಗುಂಯ್ ಎಂದಿತು. ನಕ್ಷತ್ರ ಒಂದೂ ಕಾಣಲಿಲ್ಲ. ಮರುಕ್ಷಣ ನನ್ನ ಕುತ್ತಿಗೆ ಹಿಡಿದು ಬಾಗಿಲಿಗೆ ಒತ್ತಿ, ಹೊಟ್ಟೆಗೆ ಒಂದರ ಮೇಲೊಂದು ಮಂಡಿಯಿಂದ ಗುದ್ದತೊಡಗಿದರು. ಅಭ್ಯಾಸವಿದ್ದ ಕಾಲು ಅದು, ಅವಸರವೇ ಇರಲಿಲ್ಲ. ನನಗೆ ಉಸಿರು ಹೊರಡಲಿಲ್ಲ. ಇವರು ನನ್ನನ್ನು ಕೊಲ್ಲುತ್ತಾರೆ ಎಂದು ನಿಜವಾಗಿಯೂ ಅನ್ನಿಸಿತು.

ಅಕ್ಕ ಅಡುಗೆಮನೆಯಿಂದ ಬಂದದ್ದು ನನಗೆ ಕಾಣಿಸಲಿಲ್ಲ. ಎಡಗೈಯಲ್ಲಿ ಲಟ್ಟಣಿಗೆ ಇತ್ತು. ಒಂದೇ ಏಟು, ಹುಬ್ಬಿನ ಮೇಲೆ. ತೆಂಗಿನಕಾಯಿಯನ್ನು ಕಲ್ಲಿಗೆ ತಾಗಿಸಿದಂಥ ಸದ್ದು. ಭಾವ ಇದ್ದಲ್ಲೇ ಕುಸಿದು ಕೂತರು. ರಕ್ತ ಹುಬ್ಬಿನಿಂದ ಇಳಿದು ಕಾಲರ್ ಮುಟ್ಟಿ ನಿಂತಿತು. ಯಾರೂ ಕೂಗಲಿಲ್ಲ. ಅಕ್ಕ ಬಗ್ಗಿ ಗಾಯವನ್ನು ಪರೀಕ್ಷೆ ಮಾಡುವವಳಂತೆ ನೋಡಿದಳು.

“ಇಷ್ಟೇ ಕಣೋ ರಕ್ತ ಬರೋದು. ನೀನು ಯಾವಾಗ್ಲೂ ಜಾಸ್ತಿ ಬರೀತೀಯ.”

ಒಂದು ಬಟ್ಟೆಯ ಚೀಲ ತುಂಬಿಕೊಂಡು ಅವಳು ನನ್ನ ಜೊತೆ ಹೊರಟಳು. ಭಾವನ ಹುಬ್ಬಿಗೆ ಮೂರು ಹೊಲಿಗೆ ಬಿದ್ದವು ಎಂದು ಆಮೇಲೆ ತಿಳಿಯಿತು. ಬ್ಯಾಂಕಿನವರ ಹತ್ತಿರ, ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿಕೊಂಡರಂತೆ. ಕರೆದುಕೊಂಡು ಹೋಗಲು ಎರಡು ಸಲ ಬಂದರು. ಎರಡು ಸಲವೂ ಅಕ್ಕ ಒಳಗಿನಿಂದಲೇ ಬರುವುದಿಲ್ಲ ಎಂದಳು. ಅಮ್ಮ ಕದ ಹಾಕಿದಳು.

ಆ ವಾರ ನನ್ನ ಧಾರಾವಾಹಿ ಮೊದಲ ಸಲ ತಪ್ಪಿತು. ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ನಾನೂ ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಅವಳೂ ಭಾನುವಾರ ಬೆಳಗ್ಗೆ ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತಿದ್ದೆವು. ಸಿಟ್ಟು ನನಗಿನ್ನೂ ಇಳಿದಿರಲಿಲ್ಲ, ಅದು ಅವಳ ಮೇಲೂ ಇತ್ತು. ಎರಡು ಬೀದಿ ಆಚೆ ತಮ್ಮ ಇದ್ದಾನೆ, ಇಷ್ಟು ವರ್ಷ ಒಂದು ಮಾತು ನನಗೆ ಹೇಳಬಾರದಿತ್ತೇ ಎಂದು ಗದರಿಸಿಯೇ ಕೇಳಿದೆ.

ಅಕ್ಕ ಲೋಟ ಕೆಳಗಿಟ್ಟಳು. “ವಾರ ವಾರ ಹೇಳ್ತಾನೇ ಇದ್ನಲ್ಲೋ,” ಎಂದಳು. “ನೀನು ಭೇಷಾಗಿದೆ ಅಂತ ಬರ್ಕೋತಿದ್ದೆ.”