ಕಾಯಿ ಅಲ್ಲಾಡಿಸಿ ಕೇಳುವ ಊರಿನಲ್ಲಿ ನನ್ನ ದನಿ

ತಿಪಟೂರಿನಲ್ಲಿ ನಾನು ಬಾಯಿಬಿಟ್ಟ ಮೊದಲ ದಿನವೇ ಒಬ್ಬರು ಗೇಟು ಹಾಕಿಕೊಂಡರು. ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ನೋಡಿ, ರೋಣದ ಹುಡುಗ ಕೇಳುವ ಹಾಗೆಯೇ ಕೇಳಿದ್ದೆ: “ಏನ್ರೀ ಯಜಮಾನ್ರ, ಮನಿ ಖಾಲಿ ಐತೇನ್ರೀ?” ಅಷ್ಟೇ. ಅವರು ಒಳಗೆ ತಿರುಗಿ ಮಗನನ್ನು ಕೂಗಿದರು: “ಲೇ, ಬಾರ್ಲಾ ಇಲ್ಲಿ! ಯಾರೋ ಜಗಳಕ್ಕೆ ಬಂದವ್ನೆ!” ಜಗಳವಲ್ಲ ಎಂದು ಬಿಡಿಸಿ ಹೇಳಲು ದನಿ ಇನ್ನಷ್ಟು ಏರಿಸಿದೆ. ಚಿಲಕವೂ ಬಿತ್ತು.

ರೋಣದಲ್ಲಿರುವ ನಿಮಗೆ ಇದು ನಗೆಯ ವಿಷಯ. ನಮ್ಮಲ್ಲಿ ಮೆತ್ತಗೆ ಮಾತಾಡಿದವನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಇಲ್ಲಿ ದನಿ ಎತ್ತಿದವನನ್ನು ಕಂಡು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ರೊಟ್ಟಿ ಬಿಟ್ಟು ಮುದ್ದೆ ನುಂಗುವುದನ್ನು ಕಲಿತೆ. ಚಟ್ನಿ, ಸಾರು, ಪಲ್ಯ ಎಲ್ಲಕ್ಕೂ ಕಾಯಿ ಸುರಿಯುವವರ ಜೊತೆ ಹೊಟ್ಟೆ ರಾಜಿಯಾಯಿತು. ಗಂಟಲು ಮಾತ್ರ ಒಪ್ಪಲಿಲ್ಲ. ನಾನೂ ಒಪ್ಪಿಸಲಿಲ್ಲ.

ಕೊನೆಗೆ ಕೋಣೆ ಸಿಕ್ಕಿದ್ದು ಒಂದು ಕಾಯಿ ಅಟ್ಟದ ಪಕ್ಕ. ಇಲ್ಲಿ ತೆಂಗಿನಕಾಯಿಯನ್ನು ಸುಲಿಯದೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಅಂದರೆ ಇನ್ನೂ ನೀರಿದೆ, ಲೊಡಲೊಡ ಅಂದರೆ ಕೊಬ್ಬರಿ. ಇಷ್ಟು ಸೂಕ್ಷ್ಮ ಕಿವಿಯ ಊರಿಗೆ ನಾನು ಬಂದದ್ದು ಪಟಾಕಿಯ ಹಾಗೆ.

ಬಂದದ್ದು ಒಬ್ಬ ನರಮನೋವಿಜ್ಞಾನಿಯ ಸಂಶೋಧನೆಗೆ ಸಹಾಯಕನಾಗಿ. ಮೇಡಂ ಇರುವುದು ಬೆಂಗಳೂರಿನಲ್ಲಿ. ಲಕ್ವ ಹೊಡೆದಾಗ, ತಲೆಗೆ ಪೆಟ್ಟಾದಾಗ, ಮನೋರೋಗ ಬಂದಾಗ ನೆನಪು, ಗಮನ, ಎದುರಿನವರ ಮನಸ್ಸು ತಿಳಿಯುವ ಶಕ್ತಿ ಇವುಗಳಲ್ಲಿ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಅವರು ಹುಡುಕುತ್ತಾರೆ. ಮನೆಮನೆಗೆ ಹೋಗಿ ಪರೀಕ್ಷೆ ಮಾಡುವವನು ನಾನು. ಎಲ್ಲರ ದನಿಯನ್ನೂ ಅಣಕಿಸುವ ಚಾಳಿಯವನಿಗೆ ಇದು ಹಬ್ಬ. ಬಸ್ಸು ತಪ್ಪಿದಾಗ ಮೇಡಂ ದನಿಯಲ್ಲಿ ನನಗೆ ನಾನೇ ಬೈದುಕೊಳ್ಳುತ್ತಿದ್ದೆ.

ದಂಡಿನಶಿವರದ ಕಡೆಯ ಒಂದು ಮನೆಗೆ ಹೋದಾಗ ಬಾಗಿಲಲ್ಲೇ ಬಟ್ಟೆ ತುಂಬಿದ ಬ್ಯಾಗು ಕಾಲಿಗೆ ತೊಡರಿತು. ಅದು ಗೌರಮ್ಮನವರದು. ಗಂಡ ರುದ್ರಪ್ಪ, ಕೊಬ್ಬರಿ ವ್ಯಾಪಾರಿ. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬದಲಿಸಿದ್ದೇನೆ.) ಲಕ್ವ ಹೊಡೆದು ರುದ್ರಪ್ಪನವರ ಮೆದುಳಿನ ಬಲಭಾಗ ಕೆಟ್ಟಿತ್ತು. ಎಡಗೈ ಸ್ವಲ್ಪ ಸೋತಿತ್ತು, ಮಾತು ಚೆನ್ನಾಗಿಯೇ ಇತ್ತು.

“ಅದೇ ನನ್ ಸಂಕಟ ಕಣಪ್ಪ,” ಅಂದರು ಗೌರಮ್ಮ. “ಉಣ್ತಾರೆ, ವ್ಯಾಪಾರ ಮಾತಾಡ್ತಾರೆ. ನಾನು ಒಳಗಿಂದ ಅತ್ಕಂಡು ಕರುದ್ರೆ, ‘ಸಾರಿಗೆ ಉಪ್ಪು ಕಮ್ಮಿ’ ಅಂತಾರೆ.”

ಆಗ ಜಗುಲಿಯ ಮೇಲೆ ರುದ್ರಪ್ಪ ಒಂದು ಕಾಯಿ ಅಲ್ಲಾಡಿಸಿ, “ಇದಿನ್ನಾ ಆಗಿಲ್ಲ,” ಎಂದು ಪಕ್ಕಕ್ಕಿಟ್ಟರು.

“ನೋಡುದ್ರಾ? ಕಾಯಿ ಒಳಗಿರಾದು ಕೇಳ್ಸುತ್ತೆ, ನನ್ ಒಳಗಿರಾದು ಕೇಳ್ಸಲ್ವಾ? ನಿಮ್ ಪರೀಕ್ಷೇಲಿ ಕಾಯ್ಲೆ ಅಂತ ಬಂದ್ರೆ ಇರ್ತೀನಿ. ಇಲ್ದಿದ್ರೆ ಹುಳಿಯಾರಿಗೆ, ತಂಗಿ ಮನೆಗೆ.”

ನನ್ನ ಬಳಿ ಅದಕ್ಕೆಂದೇ ಒಂದು ಪರೀಕ್ಷೆ ಇತ್ತು. ರೆಕಾರ್ಡಿಂಗಿನಲ್ಲಿ ಒಬ್ಬಾಕೆ ಒಂದೇ ಸಾದಾ ವಾಕ್ಯವನ್ನು ಖುಷಿ, ದುಃಖ, ಸಿಟ್ಟು, ಭಯದಲ್ಲಿ ಹೇಳುತ್ತಾಳೆ. ಯಾವುದು ಯಾವ ಭಾವ ಎಂದು ಗುರುತಿಸಬೇಕು. ರುದ್ರಪ್ಪ ಹೆಚ್ಚುಕಡಿಮೆ ಎಲ್ಲ ತಪ್ಪಿದರು. ಆದರೆ ಹೋಲಿಕೆಗೆಂದು ಆರೋಗ್ಯವಂತರಿಗೂ ಕೇಳಿಸಬೇಕಲ್ಲ? ನಾನು ತಿಂಡಿ ತಿನ್ನುವ ಹೋಟೆಲಿನಲ್ಲಿ ಕೇಳಿಸಿದೆ. ಅಲ್ಲಿದ್ದವರೂ ತಪ್ಪಿದರು. ಆಕೆಯ ಅಳು ಕೇಳಿ ಹೋಟೆಲಿನ ಶಿವಣ್ಣ, “ಸೋಪಿನ ಜಾಹೀರಾತಾ?” ಅಂದ. ಸಿಟ್ಟು ಕೇಳಿ, “ನಾಟಕ ಕಣ್ಲಾ, ಬಾಯಿಪಾಠ ಮಾಡ್ತಾವ್ಳೆ,” ಅಂದ. ಅಂದರೆ ಈ ಅಳತೆಯಲ್ಲಿ ರುದ್ರಪ್ಪ ಎಲ್ಲರಂತೆಯೇ ಇದ್ದಾರೆ. ಹಾಗಂತ ವರದಿ ಹೋದರೆ ಬ್ಯಾಗು ಹುಳಿಯಾರಿನ ಬಸ್ಸು ಹತ್ತುತ್ತದೆ.

ಮೇಡಂಗೆ ಫೋನ್ ಮಾಡಿದೆ. “ರೆಕಾರ್ಡಿಂಗ್ ಮುಟ್ಟಬೇಡ. ಎಲ್ಲರಿಗೂ ಒಂದೇ ಅಳತೆ,” ಎಂದರು.

“ಅಳತಿ ಬೆಂಗಳೂರಿಂದು, ಕಿವಿ ಇಲ್ಲಿಂದು. ಈ ವರದಿ ನಾ ಕಳಸೂದಿಲ್ರೀ.”

“ನನ್ನ ಮೇಲೆ ಕೂಗಾಡ್ತಿದ್ದೀಯಾ?”

“ಇಲ್ರೀ ಮೇಡಂ, ಇದು ನನ್ನ ವಿನಂತಿ ದನಿ.”

ಮೇಡಂ ನಕ್ಕುಬಿಟ್ಟರು. ಆಮೇಲೆ, “ಹೊಸ ರೆಕಾರ್ಡಿಂಗ್ ಮಾಡು. ಮೊದಲು ಆರೋಗ್ಯವಂತರ ಮೇಲೆ ನೋಡು. ಅವರು ತಪ್ಪಿದರೆ ನಿನ್ನದನ್ನೂ ಎಸಿ.”

‘ಕಾಯಿ ಅಟ್ಟದ ಮೇಲೈತೆ’ ಎಂಬ ವಾಕ್ಯ ಆರಿಸಿ, ನಾನೇ ನಾಲ್ಕು ಭಾವದಲ್ಲಿ ಹೇಳಿ, ರೆಕಾರ್ಡ್ ಮಾಡಿ ಹೋಟೆಲಿಗೆ ಒಯ್ದೆ. ನಾಲ್ಕನ್ನೂ ಸಿಟ್ಟು ಅಂದರು. “ಖುಷೀಲೇ ಹಿಂಗಾದ್ರೆ, ನಿಜವಾಗ್ಲೂ ಸಿಟ್ಟು ಬಂದಾಗ ಏನ್ ಕಚ್ತೀಯಾ?” ಎಂದ ಶಿವಣ್ಣ. ಎಲ್ಲರನ್ನೂ ಅಣಕಿಸುವ ಗಂಡು, ಈ ಊರಿನ ದನಿಯೊಂದನ್ನೂ ಹಿಡಿದಿರಲಿಲ್ಲ!

ಆಮೇಲೆ ಬಾಯಿ ಮುಚ್ಚಿ ಕೂತು ಕೇಳಿದೆ. ಒಂದು ಬೆಳಗ್ಗೆ ಹಾಲಿನವನು ನೀರುಹಾಲು ತಂದ. ಶಿವಣ್ಣ ಕೂಗಲಿಲ್ಲ. ಕೌಂಟರ್ ಒರೆಸುತ್ತಲೇ, ದನಿಯನ್ನು ನೆಲಕ್ಕಿಳಿಸಿ, “ಆಯ್ತು ಬುಡು, ನಾಳೆ ನೋಡಣ,” ಅಂದ. ಹಾಲಿನವನ ಕಿವಿ ಕೆಂಪಾಯಿತು. ಇಲ್ಲಿ ಸಿಟ್ಟು ಏರುವುದಿಲ್ಲ, ಇಳಿಯುತ್ತದೆ! ಅದನ್ನು ಹಿಡಿದೆ. ಖುಷಿ, ದುಃಖ, ಭಯಗಳನ್ನೂ ಹಾಗೆಯೇ ಒಂದೊಂದು ಬಾಯಿಂದ ಕದ್ದೆ. ಮತ್ತೆ ರೆಕಾರ್ಡ್ ಮಾಡಿದೆ. ಹೋಟೆಲಿನವರು ಸರಾಗವಾಗಿ ಗುರುತಿಸಿದರು. “ಲೇ, ಇದು ನಾನೇ ಅಲ್ವೇನ್ಲಾ?” ಎಂದು ಶಿವಣ್ಣ ಬಟ್ಟೆ ಬೀಸಿ ಹೊಡೆದ.

ಆಮೇಲೆ ರುದ್ರಪ್ಪನವರ ಜಗುಲಿ. ಗೌರಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಒಂದೊಂದನ್ನೇ ಕೇಳಿಸಿದೆ. ರುದ್ರಪ್ಪ ತಲೆ ಬಾಗಿಸಿ, ಕಾಯಿ ಕೇಳುವ ಹಾಗೆಯೇ ಕೇಳಿದರು. ಆಮೇಲೆ ನನ್ನನ್ನು ನೋಡಿದರು.

“ಎಲ್ಲಾ ಒಂದೇ ಅಲ್ವೇನಪ್ಪ? ಕಾಯಿ ಅಟ್ಟದ ಮೇಲೈತೆ. ಅದ್ರಲ್ಲಿ ಅಳಾದೇನು, ನಗಾದೇನು?”

ಗೌರಮ್ಮ ಬಂದು ಇನ್ನೊಂದು ಸಲ ಹಾಕಿಸಿ ಕೇಳಿದರು.

ಸ್ಕ್ಯಾನು, ಬೇರೆ ಪರೀಕ್ಷೆ ಎಲ್ಲ ಜೋಡಿಸಿ ನೋಡಿ ಮೇಡಂ ಫೋನಿನಲ್ಲಿ ಗೌರಮ್ಮನವರಿಗೆ ವಿವರಿಸಿದರು: ಪದ ಕೇಳಿಸುತ್ತದೆ, ಸದ್ದು ಕೇಳಿಸುತ್ತದೆ, ದನಿಯೊಳಗಿನ ಭಾವ ಮಾತ್ರ ರುದ್ರಪ್ಪನವರನ್ನು ಮುಟ್ಟುವುದಿಲ್ಲ, ಬೇಕೆಂದು ಮಾಡುವುದಲ್ಲ. ಗೌರಮ್ಮ ಅಳುತ್ತಾರೆಂದುಕೊಂಡೆ. ಅವರು ಸೆರಗು ಸಿಕ್ಕಿಸಿ ಗಂಡನ ಮುಂದೆ ಹೋಗಿ ನಿಂತರು.

“ರೀ, ನಂಗೆ ಸಿಟ್ಟು ಬಂದೈತೆ.”

ರುದ್ರಪ್ಪ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. “ಹೌದಾ? ಯಾಕೆ?”

“ಬ್ಯಾಗು ಬಾಗ್ಲಲ್ಲೈತೆ. ಎಲ್ಲಿಗೆ ಅಂತ ಕೇಳ್ಲಿಲ್ಲ ನೀವು.”

“ಕೇಳ್ಬೇಕಿತ್ತಾ?” ಗಾಬರಿಯಾದರು. “ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಕಾಯ್ಲೆ ಅಂತ ಸಿಟ್ಟು ಬುಡಾಕಿಲ್ಲ ನಾನು. ಇನ್ಮೇಲೆ ಬಾಯ್ಬಿಟ್ಟೇ ಹೇಳ್ತೀನಿ, ನೀವೂ ಬಾಯ್ಬಿಟ್ಟೇ ಕೇಳ್ಬೇಕು.”

ಈಗ ನನ್ನ ಕಥೆ. ಊರಿಗೆ ಫೋನ್ ಮಾಡಿದರೆ ಅವ್ವ ಅಂತಾಳೆ: “ಯಾಕಪಾ, ಉಂಡಿಲ್ಲೇನು? ದನಿ ಯಾಕ ಹಿಂಗ ಬಿದ್ದೈತಿ?” ಇಲ್ಲಿ ಇನ್ನೂ ಬೀದಿಯವರು, “ಯಾಕ್ ಬೈತೀಯ?” ಅಂತಾರೆ. ರೋಣಕ್ಕೆ ನಾನು ಸೊರಗಿದವನು, ತಿಪಟೂರಿಗೆ ಜಗಳಗಂಟ. ಯಾರ ದನಿ ಬೇಕಾದರೂ ತೆಗೆಯಬಲ್ಲೆ. ನನ್ನದು ತೆಗೆದರೆ ಎರಡೂ ಕಡೆ ತಪ್ಪು ಉತ್ತರ. ಆಗಲಿ, ಅದನ್ನು ತಿದ್ದಿಕೊಳ್ಳುವವನಲ್ಲ ನಾನು.

ಭಾನುವಾರ ರುದ್ರಪ್ಪನವರ ಜಗುಲಿಗೆ ಹೋಗುತ್ತೇನೆ. ಗಂಟಲು ಪೂರ್ತಿ ಬಿಟ್ಟು, ರೋಣದ ಸಂತೆಯಲ್ಲಿ ಕೂಗುವ ಹಾಗೆ ಕೇಳುತ್ತೇನೆ: “ಏನ್ರೀ ಯಜಮಾನ್ರ, ಆರಾಮ್ ಅದೀರೇನ್ರೀ?” ಪಕ್ಕದ ಮನೆಯವರು ಏನಾಯ್ತೋ ಎಂದು ಓಡಿ ಬರುತ್ತಾರೆ. ರುದ್ರಪ್ಪನವರಿಗೆ ಅವರೆಲ್ಲ ಯಾಕೆ ಬಂದರೆಂದೇ ತಿಳಿಯುವುದಿಲ್ಲ.

“ಹುಡ್ಗ ಆರಾಮಾ ಅಂತ ಕೇಳ್ದ ಕಣ್ರಯ್ಯ,” ಅಂತಾರೆ. “ಅಷ್ಟೇ.”