ಅಣ್ಣನ ಉಪ್ಪುನೀರಿನ ಮೀನು

ಕೊಯಮತ್ತೂರಿನ ಬಣ್ಣದ ಮೀನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ತಾಳವಾಡಿಗೆ ಮರಳಿದಾಗ ಆಳುದ್ದದ ಗಾಜಿನ ತೊಟ್ಟಿಯೊಂದನ್ನು ತಂದ. ಜೊತೆಗೆ ಉಪ್ಪುನೀರಿನ ಚೀಲದಲ್ಲಿ ಒಂದು ಸರ್ಜನ್ ಮೀನು. ಅಂಗೈಯಗಲ ಇದ್ದದ್ದು ಕೆಲವೇ ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಯಿತು. ಬಾಲದ ಬುಡದಲ್ಲಿ ಎರಡೂ ಕಡೆ ಡಾಕ್ಟರ ಚಾಕುವಿನಂಥ ಮುಳ್ಳು. ಆ ಹೆಸರು ಬಂದದ್ದೇ ಅದರಿಂದ. ಅಣ್ಣ ನೀರಿಗೆ ಉಪ್ಪಿನ ಪುಡಿ ಬೆರೆಸುವಾಗಲೆಲ್ಲ ಸಮುದ್ರವನ್ನೇ ಕಾಣದ ನಮ್ಮ ಅವ್ವ, "ಸಾರ್ಗೆ ಉಪ್ಪಾಕೋ ಅಂಗೆ ಅಳ್ತೆ ಮಾಡ್ತನೆ ನೋಡು" ಎಂದು ನಗುತ್ತಿದ್ದಳು.

ಸಂಜೆ ಹೊಲದಿಂದ ಬಂದು ಅಣ್ಣ ಬಾಗಿಲು ದಾಟಿದನೆಂದರೆ ಮೀನು ಕಲ್ಲಿನ ಸಂದಿಯಿಂದ ಹೊರಬರುತ್ತಿತ್ತು. ಅವನು ಅಡುಗೆಮನೆಯತ್ತ ನಡೆದಂತೆ ಗಾಜಿನ ಪಕ್ಕದಲ್ಲೇ ಅವನ ಜೊತೆಜೊತೆಗೆ ಈಜಿ, ತೊಟ್ಟಿಯ ಆ ತುದಿಯಲ್ಲಿ ನಿಲ್ಲುತ್ತಿತ್ತು. ಕೈಕಾಲು ತೊಳೆದು ಬಂದು ಅವನು ಒಣಗಿದ ಕಡಲಪಾಚಿಯ ಹಾಳೆ ಹಿಡಿದರೆ ಬೆರಳ ಸಂದಿಯಿಂದಲೇ ಕಿತ್ತು ತಿನ್ನುತ್ತಿತ್ತು.

ಕಳೆದ ವರ್ಷ ಅರಿಸಿನ ಕೀಳುವ ದಿನಗಳಲ್ಲಿ ಅಣ್ಣ ಹೊಲದಲ್ಲೇ ಎದೆ ಹಿಡಿದುಕೊಂಡು ಕುಸಿದ. ಚಾಮರಾಜನಗರ ತಲುಪುವ ಮೊದಲೇ ಹೋಗಿಬಿಟ್ಟ.

ಮೀನಿನ ಕೆಲಸ ನನ್ನ ಪಾಲಿಗೆ ಬಂತು. ಅದು ನನ್ನ ಕೈಯಿಂದ ತಿನ್ನಲಿಲ್ಲ. ಹಾಳೆಯನ್ನು ಗಾಜಿಗೆ ಸಿಕ್ಕಿಸಿ ಆಚೆ ಹೋದ ಮೇಲೆ ತಿನ್ನುತ್ತಿತ್ತು. ತಿಥಿ ಕಳೆದ ಮಾರನೆಯ ಸಂಜೆ ನಾನು ಮೂಲೆಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದೆ. ಮೀನು ತಟ್ಟನೆ ಹೊರಬಂತು. ಬಾಗಿಲ ಕಡೆಯ ತುದಿಗೆ ಹೋಗಿ, ಅಲ್ಲಿಂದ ನಿಧಾನವಾಗಿ, ಒಬ್ಬ ಮನುಷ್ಯ ನಡೆಯುವಷ್ಟೇ ವೇಗದಲ್ಲಿ, ಅಡುಗೆಮನೆಯ ಕಡೆ ಬಂದು ನಿಂತಿತು. ಬಾಗಿಲು ತೆರೆದಿತ್ತು. ಯಾರೂ ಇರಲಿಲ್ಲ. ಮರುದಿನವೂ ಹಾಗೆಯೇ.

ರೂಢಿ, ಅಷ್ಟೇ, ಎಂದುಕೊಂಡೆ. ಆದರೂ ಆ ಹೊತ್ತಿನಲ್ಲಿ ತೊಟ್ಟಿಯ ಮುಂದಿನ ಜಾಗ ದಾಟಲು ನನಗೆ ಆಗುತ್ತಿರಲಿಲ್ಲ. ಎದುರು ಗೋಡೆಗೆ ಒರಸಿಕೊಂಡು ಹೋಗುತ್ತಿದ್ದೆ. ಅವ್ವ ಮಾತ್ರ ಕಾಫಿ ಒಂದು ಲೋಟ ಹೆಚ್ಚಾಗಿಯೇ ಬೆರೆಸತೊಡಗಿದಳು.

"ಅದ್ಕೆ ಕಾಣ್ತದೆ ಕಣವ್ವ. ನಮ್ಗೆ ಕಾಣಲ್ಲ," ಎಂದು ನನಗೆ ಹೇಳಿದಳು.

ಮೀನು ಬೆಳೆಯುತ್ತಲೇ ಹೋಯಿತು. ತಿರುಗುವಾಗ ಮೂತಿ ಗಾಜಿಗೆ ಉಜ್ಜಿ ಗಾಯವಾಯಿತು. ಇದಕ್ಕೆ ಇನ್ನೂ ದೊಡ್ಡ ತೊಟ್ಟಿ ಬೇಕೆಂದು ಅಣ್ಣನೇ ಹೇಳುತ್ತಿದ್ದ. ಕೊನೆಗೆ ಅವನಿದ್ದ ಅಂಗಡಿಯ ಯಜಮಾನರಿಗೆ ಫೋನ್ ಮಾಡಿದೆ. ಅವರು ಬಂದು, ಮುಳ್ಳಿಗೆ ಚೀಲ ಹರಿದೀತೆಂದು ದೊಡ್ಡ ಡಬ್ಬದಲ್ಲಿ ಮೀನನ್ನು ಇಳಿಸಿ, ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಕೊಂಡೊಯ್ದರು. ಅವ್ವ ತಡೆಯಲಿಲ್ಲ.

ವಾರ ಬಿಟ್ಟು ಅವರಿಗೆ ಮತ್ತೆ ಫೋನ್ ಮಾಡಿ, ಸಂಜೆಯ ಹೊತ್ತು ಮೀನು ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದು ನಿಲ್ಲುತ್ತದೆಯೇ ಎಂದು ಕೇಳಿದೆ. ಇಲ್ಲಮ್ಮ, ದಿನವಿಡೀ ಸುತ್ತುತ್ತಲೇ ಇರುತ್ತದೆ, ಚೆನ್ನಾಗಿ ತಿನ್ನುತ್ತಿದೆ, ಎಂದು ಅವರು ತಮಿಳಿನಲ್ಲಿ ಹೇಳಿದರು.

ಅವ್ವನಿಗೆ ತಿಳಿಸಿದೆ. ಅವಳು, "ಅಂಗಾರೆ ಅವ್ನು ಮೀನ್ ಇಂದೆ ಓಗ್ಲಿಲ್ಲ. ಇಲ್ಲೇ ಅವ್ನೆ," ಎಂದಳು.

ಅವತ್ತು ಸಂಜೆ ಬರಿದಾದ ತೊಟ್ಟಿಯ ಎದುರು ನಾವಿಬ್ಬರೂ ಗೋಡೆಗೊರಗಿ ಕುಳಿತೆವು. ಯಾವ ಕಡೆ ನೋಡಬೇಕೆಂದು ತೋರಿಸುವುದಕ್ಕೆ ಈಗ ಏನೂ ಇರಲಿಲ್ಲ.