ಮಗ್ಗದ ಕಂಬದ ಗೂಡು

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಸೀರೆ ನೇಯುತ್ತಿದ್ದ ಆ ಅಕ್ಕ, ಎಳೆ ಹರಿದಾಗಲೆಲ್ಲ ಬೆರಳನ್ನು ನಾಲಗೆಗೆ ತಾಗಿಸಿ ಗಂಟು ಹಾಕುತ್ತ "ಅವಸರ ಏನೈತಿ?" ಎನ್ನುತ್ತಿದ್ದಳು. ಮಗಳು ತೀರಿಕೊಂಡ ಮೇಲೆ ಅವಳ ಮಗ್ಗ ನಿಂತೇ ಹೋಯಿತು. ಅಂಗಳದ ಕರಿಬೇವಿನ ಗಿಡದಿಂದ ಬಂದ ಹಸಿರು ಹುಳುವೊಂದು ಅದರ ಕಂಬಕ್ಕೇ ಗೂಡು ಕಟ್ಟಿಕೊಂಡಿತು.

"ಇನ್ನರ ನೇಯಾಕ ಕುಂದ್ರ ಬೇ ಯಕ್ಕಾ," ಎಂದೆ.

ಅವಳು ಗೂಡು ತೋರಿಸಿದಳು. "ಮಗ್ಗ ಅಳ್ಳಾಡಿದ್ರ ಅದು ಬಿದ್ದಗಿದ್ದೀತು. ಪಾತರಗಿತ್ತಿ ಹಾರಿಹೋಗ್ಲಿ. ಅವಸರ ಏನೈತಿ?"

ದಿನಾ ಎದ್ದವಳೇ ಮೊದಲು ಅದನ್ನು ನೋಡುತ್ತಿದ್ದಳು.

ಒಂದು ಮುಂಜಾನೆ ಮಗ್ಗದ ಸಪ್ಪಳ ಕೇಳಿ ಓಡಿದೆ. ಅಕ್ಕ ನೇಯುತ್ತಿದ್ದಳು. ಕಂಬದ ಮೇಲಿನ ಗೂಡು ಬರಿದಾಗಿತ್ತು. ಕಿತ್ತೆಸೆಯಲು ಕೈ ಚಾಚಿದೆ.

"ಇರ್ಲಿ ಬಿಡು," ಎಂದಳು, ತಲೆ ಎತ್ತದೆ.

ಮಗ್ಗದ ಪ್ರತಿ ಹೊಡೆತಕ್ಕೂ ಆ ಖಾಲಿ ಗೂಡು ಅಲುಗುತ್ತಿತ್ತು. ಬೀಳಲಿಲ್ಲ.